ಲೆನ್ಸ್ ಒಳಗಿನ ‘ಹೇಜ್’ಗೆ ಪೊರೆ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಆನ್‌ಲೈನಿನಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಲೆನ್ಸ್ ಕೊಳ್ಳುವವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಪಾರ್ಸೆಲ್ ಕೈಗೆ ಬಂದ ಮೇಲೆ, ವಾಪಸ್ ಕಳಿಸುವ ಗಡುವು ಮುಗಿಯುವ ಮೊದಲು ಏನೇನು ನೋಡಬೇಕು ಅಂತ. ಕೆಲವು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ, ನೀವು ಬಿಡಿಸಬೇಕು.

ಫಂಗಸ್‌ಗೆ ಪಠ್ಯಪುಸ್ತಕದಲ್ಲಿ ಶಿಲೀಂಧ್ರ ಅಂತಿದೆ. ರಿಪೇರಿ ಅಂಗಡಿಗೆ ಹೋಗಿ ‘ಲೆನ್ಸಿಗೆ ಶಿಲೀಂಧ್ರ ಹಿಡಿದಿದೆ’ ಅಂದರೆ ಮುಖ ಮುಖ ನೋಡುತ್ತಾರೆ. ಬೂಷ್ಟು ಅಂದರೆ ಎಲ್ಲರಿಗೂ ಗೊತ್ತು. ಉಪ್ಪಿನಕಾಯಿಗೆ, ಚರ್ಮದ ಚಪ್ಪಲಿಗೆ ಹಿಡಿಯುವುದೂ ಅದೇ ಅಲ್ವಾ? ಲೆನ್ಸಿನಲ್ಲಿ ಅದು ಸಣ್ಣ ಸಣ್ಣ ಎಳೆಗಳಾಗಿ ಹಬ್ಬುತ್ತದೆ, ಹೆಚ್ಚಾಗಿ ಗಾಜಿನ ಅಂಚಿನಿಂದ ಶುರುವಾಗಿ. ಮಳೆಗಾಲದಲ್ಲಿ ಚೀಲದಲ್ಲೇ ಮುಚ್ಚಿಟ್ಟ ಲೆನ್ಸಿನ ಗತಿ ಏನಾಗುತ್ತದೆ ಅಂತ ಮಲೆನಾಡು, ಕರಾವಳಿಯವರಿಗೆ ನಾನು ಹೇಳಬೇಕಾಗಿಲ್ಲ. ಬೂಜು ಅನ್ನೋಣ ಅಂದರೆ, ಕೆಲವು ಕಡೆ ಬೂಜು ಎಂದರೆ ಜೇಡರ ಬಲೆ. ಅದು ಪೊರಕೆಗೆ ಹೋಗುತ್ತದೆ. ಇದು ಬಿಡುವ ಆಮ್ಲ ಗಾಜಿನ ಮೇಲಿನ ಲೇಪನವನ್ನೇ ತಿನ್ನುತ್ತದೆ, ಜಾಸ್ತಿ ದಿನ ಬಿಟ್ಟರೆ ಗಾಜನ್ನೂ ಬಿಡುವುದಿಲ್ಲ. ಹಾಗಾಗಿ ನನ್ನ ಓಟು ಬೂಷ್ಟಿಗೆ.

ಜಾಸ್ತಿ ತಲೆ ತಿಂದಿರುವುದು ಹೇಜ್. ಇದರಲ್ಲಿ ಎಳೆ ಇಲ್ಲ, ಚುಕ್ಕೆ ಇಲ್ಲ. ಒಳಗಿನ ಗಾಜಿನ ಮೇಲೆ ತೆಳ್ಳಗೆ ಹರಡಿದ ಬಿಳಿ ಪದರ, ಅಷ್ಟೆ. ಹಳೇ ಲೆನ್ಸಿನ ಗ್ರೀಸು, ಎಣ್ಣೆ ಆವಿಯಾಗಿ ಗಾಜಿನ ಮೇಲೆ ಕೂತರೆ ಹೀಗಾಗುತ್ತದೆ. ಅಪರ್ಚರ್‌ನ (ಬೆಳಕು ಹೆಚ್ಚು ಕಡಿಮೆ ಮಾಡಲು ಲೆನ್ಸ್ ಒಳಗಿರುವ ಕಂಡಿ) ಅಕ್ಕಪಕ್ಕದ ಗಾಜುಗಳಲ್ಲಿ ಸಾಮಾನ್ಯ. ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿದರೆ ಲೆನ್ಸ್ ಚೊಕ್ಕವಾಗೇ ಕಾಣುತ್ತದೆ. ಕೋಣೆ ಕತ್ತಲು ಮಾಡಿ, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಬೇಕು. ಆಗ ಬಣ್ಣ ಬಯಲಾಗುತ್ತದೆ. ಫೋಟೋದಲ್ಲಾದರೆ ಕಿಟಕಿಗೆ ಎದುರಾಗಿ ತೆಗೆದಾಗ ಕಪ್ಪೆಲ್ಲ ಬೂದಿ ಬಣ್ಣಕ್ಕೆ ತಿರುಗಿರುತ್ತದೆ.

ಇದಕ್ಕೆ ಮಂಜು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಏಸಿ ಕೋಣೆಯಿಂದ ಸೆಕೆಗೆ ತಂದ ಲೆನ್ಸಿಗೂ ಮಂಜು ಕಟ್ಟುತ್ತದೆ, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಎರಡಕ್ಕೂ ಒಂದೇ ಪದ ಹಾಕಿದರೆ ಓದಿದವರು ‘ಒಣಗುತ್ತೆ ಬಿಡು’ ಅಂತ ಸುಮ್ನೆ ಕೂತು ಗಡುವು ಕಳೆದುಕೊಳ್ಳುತ್ತಾರೆ. ಮಬ್ಬು ಅಂದರೆ ಫೋಕಸ್ ತಪ್ಪಿದ ಫೋಟೋನೂ ಮಬ್ಬೇ. ಅದಕ್ಕೇ ಪೊರೆ ಹೊಳೆದದ್ದು. ಕಣ್ಣಿಗೆ ಪೊರೆ ಬರುವುದೂ ಒಳಗಿನ ಮಸೂರಕ್ಕೇ ತಾನೆ. ‘ಲೆನ್ಸಿಗೆ ಪೊರೆ ಬಂದಿದೆ’ ಅಂದರೆ ಹೊರಗಿನಿಂದ ಒರೆಸಿದರೆ ಹೋಗುವುದಿಲ್ಲ, ಬಿಚ್ಚಿಯೇ ಶುಚಿ ಮಾಡಬೇಕು ಅನ್ನುವುದೂ ಅದರಲ್ಲೇ ಬಂತು.

ಆದರೆ ಒಂದು ಅನುಮಾನ. ಹಾವು ಬಿಡುವುದೂ ಪೊರೆ, ಅಂದರೆ ಸುಲಿದು ಬರುವ ಪದರ. ಲೆನ್ಸಿನಲ್ಲಿ ಆ ಥರ ಕಾಣುವ ದೋಷ ಇನ್ನೊಂದಿದೆ. ಎರಡು ಗಾಜು ಸೇರಿಸಿ ಅಂಟಿಸಿರುತ್ತಾರೆ, ಹಳೆಯವುಗಳಲ್ಲಿ ಕೆನಡಾ ಬಾಲ್ಸಮ್ ಎಂಬ ಮರದ ಅಂಟಿನಿಂದ. ಆ ಅಂಟು ಬಿಡುತ್ತಾ ಬಂದರೆ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ, ಗುಳ್ಳೆ ಕಾಣುತ್ತದೆ. ಇದನ್ನೇ ಯಾರಾದರೂ ಪೊರೆ ಅಂದುಕೊಂಡರೆ? ನಾನು ಇದಕ್ಕೆ ‘ಅಂಟು ಬಿಟ್ಟಿದೆ’ ಅಂತ ಬರೆದಿದ್ದೇನೆ. ಇದನ್ನು ಸರಿ ಮಾಡಿಸುವ ಖರ್ಚಿಗೆ ಇನ್ನೊಂದು ಲೆನ್ಸೇ ಬರಬಹುದು, ವಾಪಸ್ ಕಳಿಸುವುದೇ ವಾಸಿ.

ಗೀರಿನ ವಿಷಯ ಸುಲಭ. ಗೀರು ಬೇರೆ, ಬಟ್ಟೆಯಲ್ಲಿ ಒರೆಸಿ ಒರೆಸಿ ಆದ ಕೂದಲೆಳೆಯಂಥ ಗುರುತು ಬೇರೆ. ಮಾರುವವರು ಎರಡನ್ನೂ ‘ಕ್ಲೀನಿಂಗ್ ಮಾರ್ಕ್ಸ್’ ಅನ್ನುವ ಒಂದೇ ಚೀಲಕ್ಕೆ ತುಂಬುತ್ತಾರೆ. ಎರಡನೆಯದಕ್ಕೆ ಉಜ್ಜುಗೆರೆ ಅಂತ ಕಟ್ಟಿದ್ದೇನೆ, ಹೇಗಿದೆ? ಎರಡರಲ್ಲಿ ಯಾವುದೇ ಆಗಲಿ, ಮುಂದಿನ ಗಾಜಿನ ಮೇಲಿದ್ದರೆ ಅಷ್ಟು ಚಿಂತೆಯಿಲ್ಲ. ಹಿಂದಿನ ಗಾಜಿನ ಮೇಲಿದ್ದರೆ ಚಿತ್ರದಲ್ಲಿ ತೊಂದರೆ ಜಾಸ್ತಿ.

ಕೊನೆಯದಕ್ಕೆ ನನಗೆ ಪದವೇ ಸಿಕ್ಕಿಲ್ಲ. ಬಿದ್ದ ಲೆನ್ಸಿನಲ್ಲಿ ಒಳಗಿನ ಒಂದು ಗಾಜು ಜಾಗ ತಪ್ಪಿರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಅಪರ್ಚರ್ ಪೂರ್ತಿ ತೆರೆದು ದೂರದ ಕಟ್ಟಡವೊಂದನ್ನು ನಾಲ್ಕು ಮೂಲೆಯಲ್ಲೂ ಒಂದೊಂದು ಸಲ ಇಟ್ಟು ಫೋಟೋ ತೆಗೆದರೆ, ಒಂದು ಮೂಲೆ ಮಾತ್ರ ಕಲಸಿದಂತೆ ಬರುತ್ತದೆ. ಸರಿದಿದೆ ಅನ್ನೋಣವೇ, ವಾಲಿದೆ ಅನ್ನೋಣವೇ? ಎರಡೂ ಆಗಿರಬಹುದು, ಫೋಟೋ ನೋಡಿ ಯಾವುದು ಅಂತ ಹೇಳಲು ಕೊಂಡವರಿಗೆ ಆಗುವುದಿಲ್ಲ. ‘ಲೆನ್ಸ್ ಸೊಟ್ಟ ಇದೆ’ ಅಂದರೆ ಹೊರಗಿನ ಕವಚ ಬಗ್ಗಿದೆ ಅಂದುಕೊಳ್ಳುತ್ತಾರೇನೋ. ಲೆನ್ಸ್ ರಿಪೇರಿ ಮಾಡುವವರ ಜೊತೆ ಒಡನಾಟ ಇದ್ದವರು, ಅವರು ಇದಕ್ಕೆ ಏನನ್ನುತ್ತಾರೆ ಅಂತ ಕೇಳಿ ತಿಳಿಸಿ.