ಮಕ್ಕಳ ಜೊತೆ ಆರ್‌ವಿಯಲ್ಲಿ ಸಮುದ್ರ ತೀರಕ್ಕೆ: ಹೋಗಿ ಬಂದವರು ಸ್ವಲ್ಪ ಹೇಳಿ

ರಜೆಯಲ್ಲಿ ಒಳಗೇ ಹಾಸಿಗೆ, ಅಡುಗೆಮನೆ, ಶೌಚಾಲಯ ಇರುವ ಒಂದು ಆರ್‌ವಿ ಬಾಡಿಗೆಗೆ ಹಿಡಿದು ಸಮುದ್ರ ತೀರದ ಕ್ಯಾಂಪ್‌ಸೈಟ್‌ನಲ್ಲಿ ನಾಲ್ಕು ರಾತ್ರಿ ಇರೋಣ ಅಂತ ಯೋಚನೆ. ನಾನು, ನನ್ನ ಹೆಂಡತಿ, 9 ಮತ್ತು 4 ವರ್ಷದ ಇಬ್ಬರು ಮಕ್ಕಳು, ಜೊತೆಗೆ ಅಮ್ಮ. ಟೆಂಟ್ ಹಾಕಿ ಮಲಗಿ ಅಭ್ಯಾಸ ಇದೆ, ಇಷ್ಟು ದೊಡ್ಡ ಗಾಡಿ ಮಾತ್ರ ಓಡಿಸಿದ್ದಿಲ್ಲ. ಹುಡುಕಿದರೆ ಸಿಗುವ ಪಟ್ಟಿಗಳೆಲ್ಲ ಒಂದೇ ಥರ, ಟವೆಲ್ ತನ್ನಿ, ಟೋಪಿ ತನ್ನಿ ಅಂತ. ಅದು ಬೇಡ. ನೀವು ಹೋದಾಗ ಎಲ್ಲಿ ಎಡವಿದಿರಿ, ಅದನ್ನು ಹೇಳಿ.

*

ನಾವು ಮೂರು ಸಲ ಹೋಗಿದ್ದೇವೆ. ಮೊದಲ ಸಲದ ಸುದ್ದಿಯನ್ನು ಮನೆಯಲ್ಲಿ ಈಗಲೂ ಯಾರೂ ಎತ್ತುವುದಿಲ್ಲ.

ಅಲೆಗೆ ಎದುರಾಗಿರುವ ಮೊದಲ ಸಾಲಿನಲ್ಲೇ ಜಾಗ ಸಿಕ್ಕಿತು ಅಂತ ಕುಣಿದಾಡಿದ್ದೆವು. ಬೆಳಗ್ಗೆ ಎಲ್ಲ ತಣ್ಣಗಿತ್ತು. ಆನಿಂಗ್ (ಗಾಡಿಯ ಪಕ್ಕಕ್ಕೆ ಚಾಚುವ ನೆರಳಿನ ಬಟ್ಟೆ) ಬಿಚ್ಚಿ, ಕುರ್ಚಿ ಹಾಕಿ, ಫೋಟೊ ತೆಗೆದು ಎಲ್ಲರಿಗೂ ಕಳಿಸಿಯೂ ಆಯಿತು. ಮಧ್ಯಾಹ್ನ ಊಟ ಮುಗಿಸಿ ಒಳಗೆ ಮಲಗಿದ್ದಾಗ ಗಾಳಿ ಎದ್ದಿತು ನೋಡಿ. ಆನಿಂಗಿನ ಒಂದು ತೋಳು ಬಗ್ಗಿ, ಬಟ್ಟೆ ಹರಿದು, ಗಾಡಿಯ ಮೈಗೆ ಬಡಿಯುವ ಸದ್ದಿಗೆ ಮಕ್ಕಳು ಕಿರುಚಿಕೊಂಡು ಎದ್ದರು. ಆಮೇಲೆ ತಿಳಿದ ವಿಷಯ ಇದು: ಬಿಸಿಲಿಗೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ನೆಲದ ಮೇಲಿನ ಬಿಸಿ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಸಮುದ್ರದ ಗಾಳಿ ನುಗ್ಗುತ್ತದೆ. ಹಾಗಾಗಿ ಬಿಸಿಲಿರುವ ದಿನ ಮಧ್ಯಾಹ್ನದ ಗಾಳಿ ಅಲ್ಲಿ ಅಪರೂಪವೇನಲ್ಲ, ಮಾಮೂಲಿ. ಈಗ ನಮ್ಮ ಮನೆಯ ನಿಯಮ ಒಂದೇ. ಆನಿಂಗ್ ಕೆಳಗೆ ಎಚ್ಚರ ಇರುವ ಒಬ್ಬ ದೊಡ್ಡವರು ಕೂತಿದ್ದರೆ ಮಾತ್ರ ಅದು ಬಿಚ್ಚಿರುತ್ತದೆ. ಎದ್ದು ಹೋಗುವಾಗ ಸುತ್ತಿಟ್ಟೇ ಹೋಗಬೇಕು, ರಾತ್ರಿಯಂತೂ ಮುಚ್ಚಿರಲೇಬೇಕು. ಬಾಡಿಗೆ ಗಾಡಿಯಾದರೆ ಆ ಖರ್ಚು ನಿಮ್ಮ ತಲೆಗೇ ಬರುತ್ತದೆ.

ಎರಡನೆಯದು ಮರಳು. ತುಂಬಿದ ಗಾಡಿ ನಮ್ಮದು ಐದು ಟನ್‌ಗಿಂತ ಜಾಸ್ತಿ ಇತ್ತು. ನೋಡಲು ಗಟ್ಟಿಯಾಗಿಯೇ ಇದ್ದ ಜಾಗದಲ್ಲಿ ಮಟ್ಟ ಮಾಡಲು ಜ್ಯಾಕ್ ಇಳಿಸಿದೆವು. ರಾತ್ರಿಯಲ್ಲಿ ಒಂದು ಮೂಲೆ ನಿಧಾನಕ್ಕೆ ಹೂತಿತು, ಬೆಳಗ್ಗೆ ನೋಡಿದರೆ ಎಲ್ಲರೂ ಹಾಸಿಗೆಯ ಒಂದೇ ಬದಿಗೆ ಉರುಳಿದ್ದೆವು. ಪ್ರತಿ ಜ್ಯಾಕಿನ ಕೆಳಗೂ ಅಗಲವಾದ, ದಪ್ಪ ಹಲಗೆ ಇಡಿ. ಕಾರಿನವರು ಮರಳಿನ ಮೇಲೆ ಹೋಗುವಾಗ ಟಯರಿನ ಗಾಳಿ ಇಳಿಸುವುದನ್ನು ನೋಡಿ ನೀವೂ ಹಾಗೆ ಮಾಡಲು ಹೋಗಬೇಡಿ. ಅದು ಎಂಜಿನ್ ನಾಲ್ಕೂ ಚಕ್ರಗಳನ್ನು ತಿರುಗಿಸುವ ಹಗುರ ಗಾಡಿಗಳ ಆಟ. ಬಾಡಿಗೆ ಕರಾರುಗಳಲ್ಲಿ ಸಾಮಾನ್ಯವಾಗಿ ಡಾಂಬರು ಬಿಟ್ಟು ಇಳಿಯಬಾರದು ಅಂತಲೇ ಬರೆದಿರುತ್ತಾರೆ, ಸಣ್ಣ ಅಕ್ಷರದಲ್ಲಿ.

ನನ್ನ ಮಾತು ಕೇಳುವುದಾದರೆ ಎರಡನೇ ಸಾಲು ತಗೊಳ್ಳಿ. ಮರಳು ದಿಬ್ಬವೋ ಮರಗಳೋ ನಡುವೆ ಇರಲಿ, ಕೆಳಗೆ ಜಲ್ಲಿ ಅಥವಾ ಕಾಂಕ್ರೀಟ್ ಇರಲಿ. ಸಮುದ್ರಕ್ಕೆ ಐದು ನಿಮಿಷ ನಡೆದರೆ ಏನೂ ನಷ್ಟ ಇಲ್ಲ. ಬುಕ್ ಮಾಡುವ ಮೊದಲು ಸ್ಯಾಟಲೈಟ್ ಮ್ಯಾಪಿನಲ್ಲಿ ಆ ಜಾಗವನ್ನು ಹಿಗ್ಗಿಸಿ ನೋಡಿ. ನೆರಳು ಎಲ್ಲಿದೆ, ಶೌಚಾಲಯ ಎಷ್ಟು ದೂರ, ಗಾಡಿ ತಿರುಗಿಸಲು ಜಾಗ ಇದೆಯೋ ಇಲ್ಲವೋ, ಎಲ್ಲ ಕಾಣುತ್ತದೆ.

*

ಮೇಲಿನವರ ಮಾತಿಗೆ ನನ್ನದೊಂದು ತಕರಾರು ಇದೆ. ನಾಲ್ಕು ವರ್ಷದ ಮಗು ಜೊತೆಗಿದ್ದರೆ ಮೊದಲ ಸಾಲಿನಷ್ಟು ಸುಖ ಇನ್ನೊಂದಿಲ್ಲ. ಬೀಚಿಗೆ ಹೋಗಿ ಹತ್ತು ನಿಮಿಷ ಆಗಿರುವುದಿಲ್ಲ, "ಅಮ್ಮಾ ಒಂದಕ್ಕೆ" ಅನ್ನುತ್ತದೆ. ಐದು ನಿಮಿಷ ಅಂದರೆ ನಿಮ್ಮ ಕಾಲಿಗೆ ಐದು, ಆ ಪುಟ್ಟ ಕಾಲಿಗೆ ಬಿಸಿ ಮರಳಿನಲ್ಲಿ ಹದಿನೈದು. ನಾವು ಮೊದಲ ಸಾಲಿನಲ್ಲೇ ಇದ್ದೆವು, ಕೆಳಗೆ ಗಟ್ಟಿ ನೆಲ ಇತ್ತು, ಗಾಡಿಯ ಮೂತಿಯನ್ನು ಗಾಳಿ ಬರುವ ಕಡೆಗೇ ಇಟ್ಟಿದ್ದೆವು. ಅಡ್ಡ ನಿಲ್ಲಿಸಿದರೆ ರಾತ್ರಿಯೆಲ್ಲ ತೊಟ್ಟಿಲು ತೂಗಿದ ಹಾಗೆ. ಆನಿಂಗ್ ಬಿಚ್ಚಲೇ ಇಲ್ಲ, ನೆರಳಿಗೆ ಬೇರೆ ಬಟ್ಟೆ ಕಟ್ಟಿದ್ದೆವು. ಮಾಮೂಲಿ ಗೂಟ ಮರಳಿನಲ್ಲಿ ನಿಲ್ಲುವುದಿಲ್ಲ, ಎಳೆದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತದೆ. ಒಂದು ಗಟ್ಟಿ ಚೀಲಕ್ಕೆ ಮರಳು ತುಂಬಿ, ಬಾಯಿಗೆ ಹಗ್ಗ ಕಟ್ಟಿ, ಮೊಣಕಾಲುದ್ದ ಗುಂಡಿಯಲ್ಲಿ ಹೂತು ಮೇಲೆ ತುಳಿಯಿರಿ. ಅಲ್ಲಾಡುವುದಿಲ್ಲ.

*

ನೀರಿನ ಲೆಕ್ಕ ಯಾರೂ ಹೇಳಲಿಲ್ಲವಲ್ಲ. ನಾವು ಎಡವಿದ್ದು ಅಲ್ಲೇ.

ಗಾಡಿಯಲ್ಲಿ ಮೂರು ಟ್ಯಾಂಕ್ ಇರುತ್ತದೆ. ಒಳ್ಳೆಯ ನೀರಿನದು, ಸ್ನಾನ ಮತ್ತು ಪಾತ್ರೆ ತೊಳೆದ ನೀರು ಸೇರುವ ಗ್ರೇ ಟ್ಯಾಂಕ್, ಶೌಚದ ಬ್ಲ್ಯಾಕ್ ಟ್ಯಾಂಕ್. ಸಾಮಾನ್ಯ ಶವರ್ ನಿಮಿಷಕ್ಕೆ 8 ಲೀಟರ್ ಅಂದುಕೊಳ್ಳಿ. ಐದು ಜನ ಐದೈದು ನಿಮಿಷ ನಿಂತರೆ 200 ಲೀಟರ್ ಆಯಿತು. ಬಾಡಿಗೆ ಗಾಡಿಯ ಟ್ಯಾಂಕ್ ಎಷ್ಟೋ ಸಲ ಅದಕ್ಕಿಂತ ಚಿಕ್ಕದು! ನೀರಿನ ಪೈಪ್ ಜೋಡಿಸಿದ್ದೇವಲ್ಲ, ಖಾಲಿಯಾಗುವುದಿಲ್ಲ ಅಂತ ನಾವು ಧೈರ್ಯವಾಗಿ ಸ್ನಾನ ಮಾಡಿದೆವು. ಬರುವ ನೀರು ಖಾಲಿಯಾಗಲಿಲ್ಲ ನಿಜ, ಹೋಗುವ ನೀರಿಗೆ ಜಾಗ ಇರಲಿಲ್ಲ. ಗ್ರೇ ಟ್ಯಾಂಕ್ ತುಂಬಿ ಸೋಪಿನ ನೀರು ಸ್ನಾನದ ತೊಟ್ಟಿಯೊಳಗೆ ವಾಪಸ್ ಉಕ್ಕಿತು, ಅದೂ ಅತ್ತೆ ಒಳಗಿದ್ದಾಗ. ಆ ದಿನ ಗಾಡಿಯೊಳಗೆ ಮಾತೇ ಇರಲಿಲ್ಲ.

ಹಾಗಾಗಿ ಸ್ನಾನಕ್ಕೆ ಕ್ಯಾಂಪ್‌ಸೈಟಿನ ಸ್ನಾನದ ಮನೆಯನ್ನೇ ಬಳಸಿ. ಗಾಡಿಯ ಶವರ್ ಅಮ್ಮನಿಗೆ ಮತ್ತು ರಾತ್ರಿಯ ಅವಸರಕ್ಕೆ ಇರಲಿ. ಮರಳು ಮೆತ್ತಿದ ಮೈಯಲ್ಲಿ ಯಾರನ್ನೂ ಒಳಗಿನ ಶವರಿಗೆ ಬಿಡಬೇಡಿ. ಮರಳು ಹೋಗಿ ಟ್ಯಾಂಕಿನ ತಳದಲ್ಲಿ ಕೂರುತ್ತದೆ.

ಬ್ಲ್ಯಾಕ್ ಟ್ಯಾಂಕ್ ಬಗ್ಗೆ ಎರಡೇ ಮಾತು, ಊಟದ ಹೊತ್ತಿಗೆ ಓದುವವರು ಕ್ಷಮಿಸಿ. ಒಳಚರಂಡಿಗೆ ಪೈಪ್ ಜೋಡಿಸಿದ್ದರೂ ಅದರ ವಾಲ್ವ್ ಮುಚ್ಚಿಯೇ ಇಡಿ. ತೆರೆದಿಟ್ಟರೆ ನೀರು ಮಾತ್ರ ಹರಿದು ಹೋಗಿ ಗಟ್ಟಿ ಪದಾರ್ಥ ಒಳಗೆ ಗುಡ್ಡೆ ಕಟ್ಟುತ್ತದೆ. ಮುಕ್ಕಾಲು ಭಾಗ ತುಂಬಲಿ, ಆಮೇಲೆ ಮೊದಲು ಬ್ಲ್ಯಾಕ್ ಬಿಡಿ, ಅದು ಪೂರ್ತಿ ಹೋದ ಮೇಲೆ ಗ್ರೇ ಬಿಡಿ. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕೈಗವಸು ಮರೆಯಬೇಡಿ. ಕುಡಿಯುವ ನೀರಿನ ಪೈಪ್ ಬೇರೆಯೇ ಇರಲಿ, ಎರಡನ್ನೂ ಒಂದೇ ಡಬ್ಬದಲ್ಲಿ ತುರುಕಬೇಡಿ.

ಕರೆಂಟ್ ಕೂಡ ಮನೆಯ ಹಾಗಲ್ಲ. 30 ಆಂಪ್, 120 ವೋಲ್ಟ್ ಇರುವ ಕಡೆ ಒಟ್ಟು ಸಿಗುವುದು 3600 ವ್ಯಾಟ್. ಏಸಿಗೆ ಸುಮಾರು 1500, ನೀರು ಕಾಯಿಸುವ ಕೆಟಲ್‌ಗೆ ಇನ್ನೊಂದು 1500. ಇವೆರಡರ ಜೊತೆ ಮೈಕ್ರೋವೇವ್ ಒತ್ತಿದಿರೋ, ಎಲ್ಲ ಕತ್ತಲೆ. ಕೆಟಲ್ ಹಾಕುವವರು "ಏಸಿ ಆಫ್!" ಅಂತ ಕೂಗುವುದು ನಮ್ಮಲ್ಲಿ ರೂಢಿಯಾಗಿ ಹೋಗಿದೆ.

*

ಮೈಗೆ ಅಂಟಿದ ಮರಳಿಗೆ ಬೇಬಿ ಪೌಡರ್. ಮೊದಲು ಟವೆಲಿನಲ್ಲಿ ಒರೆಸಿ ಒಣಗಿಸಿ, ಪೌಡರ್ ಉದುರಿಸಿ, ಕೈಯಲ್ಲಿ ಸವರಿ. ಪೌಡರ್ ತೇವ ಹೀರಿಕೊಳ್ಳುತ್ತದೆ, ಮರಳು ಉದುರಿ ಬೀಳುತ್ತದೆ. ಮೆಟ್ಟಿಲ ಹತ್ತಿರ ಕಾಲು ಅದ್ದಲು ಒಂದು ಟಬ್ ನೀರು, ಒಂದು ಒರಟು ಚಾಪೆ. ಚಪ್ಪಲಿ ಹೊರಗೇ. ಎಷ್ಟು ಮಾಡಿದರೂ ಮೂರನೇ ದಿನ ದಿಂಬಿನಲ್ಲಿ ಮರಳು ಇರುತ್ತದೆ, ಅದಕ್ಕೆ ಜಗಳ ಬೇಡ.

*

ಎಲ್ಲರೂ ಗಾಡಿಯ ಬಗ್ಗೆಯೇ ಹೇಳುತ್ತಿದ್ದೀರಿ. ನಾನು ನೀರಿನ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನನ್ನ ಮಗ ಒಂದು ಸಲ ಸೆಳೆತಕ್ಕೆ ಸಿಕ್ಕಿದ್ದ. ಆಗ ಅವನಿಗೂ 9 ವರ್ಷ.

ಎರಡೂ ಕಡೆ ಬಿಳಿ ನೊರೆ ಎಬ್ಬಿಸಿ ಅಲೆ ಒಡೆಯುತ್ತಿತ್ತು, ನಡುವೆ ಒಂದು ಪಟ್ಟಿ ಮಾತ್ರ ಸಪಾಟಾಗಿತ್ತು. ಮಕ್ಕಳಿಗೆ ಅದೇ ಒಳ್ಳೆಯ ಜಾಗ ಅಂದುಕೊಂಡು ನಾನೇ ಅಲ್ಲಿ ಇಳಿಸಿದೆ. ಆಮೇಲೆ ಗೊತ್ತಾಯಿತು, ದಡಕ್ಕೆ ಬಂದ ನೀರು ವಾಪಸ್ ಹೋಗುವ ಕಾಲುವೆ ಅದು. ಅಲ್ಲಿ ಆಳ ಜಾಸ್ತಿ, ಅದಕ್ಕೇ ಅಲೆ ಒಡೆಯುವುದಿಲ್ಲ. ನೋಡನೋಡುತ್ತಾ ಹುಡುಗ ದೂರ ಹೋಗಿಬಿಟ್ಟ. ದಡದ ಕಡೆಗೇ ಕೈ ಬಡಿಯುತ್ತಿದ್ದಾನೆ, ಒಂದಡಿ ಮುಂದೆ ಬರುತ್ತಿಲ್ಲ. ಲೈಫ್‌ಗಾರ್ಡ್ ಇದ್ದರು, ಎಳೆದು ತಂದರು. ಇಲ್ಲದಿದ್ದರೆ ಅಂತ ಯೋಚಿಸಲೂ ಆಗುವುದಿಲ್ಲ.

ಮಕ್ಕಳಿಗೆ ಹೊರಡುವ ಮೊದಲೇ ಹೇಳಿಕೊಡಿ. ಸೆಳೆತ ಹೊರಗೆ ಎಳೆಯುತ್ತದೆ, ಕೆಳಗೆ ಎಳೆಯುವುದಿಲ್ಲ. ಅದರ ಎದುರು ಈಜಬೇಡ, ಅಂಗಾತ ತೇಲು, ಕೈ ಎತ್ತಿ ಬೀಸು. ಈಜು ಬರುವವರು ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತ ದಾಟಬೇಕು, ಆಮೇಲೆ ದಡಕ್ಕೆ. ಲೈಫ್‌ಗಾರ್ಡ್ ಇರುವ ತೀರವನ್ನೇ ಆರಿಸಿ. ಕೆಂಪು-ಹಳದಿ ಬಾವುಟ ಎರಡು ನೆಟ್ಟಿದ್ದರೆ ಅವುಗಳ ನಡುವೆ ಮಾತ್ರ ಇಳಿಯಬೇಕು. ಬರೀ ಕೆಂಪು ಇದ್ದರೆ ಇಳಿಯಲೇಬಾರದು, ಮಗು ಎಷ್ಟೇ ಅತ್ತರೂ. ಚಿಕ್ಕವಳೋ ಚಿಕ್ಕವನೋ, ನಾಲ್ಕು ವರ್ಷದ್ದು ಕೈಗೆಟುಕುವ ದೂರದಲ್ಲೇ ಇರಬೇಕು, ಕಣ್ಣಿಗೆಟುಕುವ ದೂರ ಸಾಲದು.

ಉಬ್ಬರ ಇಳಿತದ ಹೊತ್ತು ಕೇಳಿಟ್ಟುಕೊಳ್ಳಿ. ಬಹಳ ಕಡೆ ದಿನಕ್ಕೆ ಎರಡು ಉಬ್ಬರ, ಪ್ರತಿ ದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಮೊದಲ ದಿನ ಬೆಳಗ್ಗೆ 10ಕ್ಕೆ ಇದ್ದ ಉಬ್ಬರ ನಾಲ್ಕನೇ ದಿನ ಹನ್ನೆರಡೂವರೆಗೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಇನ್ನೂ ಮೇಲೆ ಬರುತ್ತದೆ. ನಿನ್ನೆ ಚಾಪೆ ಹಾಸಿದ ಜಾಗ ಇವತ್ತು ಇರುವುದಿಲ್ಲ.

ಇನ್ನೆರಡು, ಯಾರೂ ಹೇಳದೇ ಇರುವಂಥವು. ಮಕ್ಕಳು ಗುಂಡಿ ತೋಡಲಿ, ಆದರೆ ಅದು ಅವರ ಮೊಣಕಾಲು ದಾಟಬಾರದು. ಮರಳು ಕುಸಿದರೆ ಕ್ಷಣದಲ್ಲಿ ಮುಚ್ಚಿಕೊಳ್ಳುತ್ತದೆ, ತೋಡಿದಷ್ಟೂ ಮತ್ತೆ ಜಾರುತ್ತದೆ. ಎದ್ದು ಹೊರಡುವಾಗ ಗುಂಡಿ ಮುಚ್ಚಿ ಬನ್ನಿ. ಹಾಗೇ, ಬೆಂಕಿ ಹಾಕಿದ್ದರೆ ಕೆಂಡದ ಮೇಲೆ ಮರಳು ಮುಚ್ಚಬೇಡಿ. ಆರಿದ ಹಾಗೆ ಕಾಣುತ್ತದೆ, ಕೆಳಗೆ ಗಂಟೆಗಟ್ಟಲೆ ಬಿಸಿ ಉಳಿದಿರುತ್ತದೆ. ಬೆಳಗ್ಗೆ ಬರಿಗಾಲಲ್ಲಿ ಓಡುವ ಮಗುವಿಗೆ ಅದು ಕಾಣುವುದಿಲ್ಲ. ನೀರು ಸುರಿದು, ಕಲಕಿ, ಮತ್ತೆ ಸುರಿಯಿರಿ.

*

ಪ್ರಶ್ನೆ ಕೇಳಿದವನು ನಾನೇ. ಕೆಂಡದ ವಿಷಯ ಖಂಡಿತ ಗೊತ್ತಿರಲಿಲ್ಲ, ಟೆಂಟ್ ಹಾಕಿದಾಗೆಲ್ಲ ನಾವು ಮರಳೇ ಮುಚ್ಚಿ ಬಂದಿದ್ದೇವೆ. ಇನ್ನೊಂದು ಕೇಳಬೇಕಿತ್ತು. ಓಡಿಸುವುದು ಎಷ್ಟು ಕಷ್ಟ? ಕ್ಯಾಂಪ್‌ಸೈಟ್ ನಮ್ಮಿಂದ 520 ಕಿಲೋಮೀಟರ್ ಇದೆ, ಒಂದೇ ದಿನದಲ್ಲಿ ಹೊಡೆಯೋಣ ಅಂತ ಇದ್ದೆ.

*

ಒಂದೇ ದಿನ ಬೇಡ ಸರ್. ಆರ್‌ವಿಯವರಲ್ಲಿ 3-3-3 ಅಂತ ಒಂದು ಮಾತಿದೆ. ದಿನಕ್ಕೆ 300 ಮೈಲಿ, ಅಂದರೆ ಸುಮಾರು 480 ಕಿಲೋಮೀಟರ್ ದಾಟಬೇಡ, ಮಧ್ಯಾಹ್ನ 3ರೊಳಗೆ ತಲುಪು, ಒಂದು ಕಡೆ 3 ರಾತ್ರಿಯಾದರೂ ಇರು. ಅದೂ ಪಳಗಿದವರಿಗೆ. ಹೊಸಬರು, ಜೊತೆಗೆ ಮಕ್ಕಳು, ಅಮ್ಮ ಅಂದಮೇಲೆ 300 ಕಿಲೋಮೀಟರೇ ಸಾಕಷ್ಟಾಯಿತು. ದಾರಿಯಲ್ಲಿ ಒಂದು ರಾತ್ರಿ ನಿಲ್ಲಿ. ಕತ್ತಲಲ್ಲಿ ತಲುಪಿ, ಹಸಿದ ಮಕ್ಕಳನ್ನು ಒಳಗಿಟ್ಟುಕೊಂಡು, ಕಾಣದ ಜಾಗಕ್ಕೆ ರಿವರ್ಸ್ ಹಾಕುವ ಕೆಲಸ ಶತ್ರುವಿಗೂ ಬೇಡ.

ಓಡಿಸುವುದು ಕಷ್ಟವಲ್ಲ, ಮರೆಯುವುದು ಅಪಾಯ. ನಮ್ಮ ಗಾಡಿಯ ಎತ್ತರ 3.4 ಮೀಟರ್ ಇತ್ತು, ಅದನ್ನು ದೊಡ್ಡದಾಗಿ ಬರೆದು ಸ್ಟಿಯರಿಂಗ್ ಮುಂದೆ ಅಂಟಿಸಿದ್ದೆ. ಫೋನಿನ ಮ್ಯಾಪ್ ನಿಮ್ಮನ್ನು ಕಾರು ಅಂತಲೇ ತಿಳಿದಿರುತ್ತದೆ, ತಗ್ಗು ಸೇತುವೆ ಕೆಳಗೂ ನುಗ್ಗಿಸುತ್ತದೆ. ತಿರುಗುವಾಗ ಹಿಂಭಾಗ ಎದುರು ದಿಕ್ಕಿಗೆ ಹೊರಚಾಚುತ್ತದೆ. ಪೆಟ್ರೋಲ್ ಬಂಕ್‌ನ ಕಂಬಕ್ಕೆ ತಾಗಿಸುವವರೆಲ್ಲ ತಾಗಿಸುವುದು ಹೀಗೇ, ನಾನೂ ಸೇರಿ. ಖಾಲಿ ಮೈದಾನದಲ್ಲಿ ಒಂದು ಗಂಟೆ ಅಭ್ಯಾಸ ಮಾಡಿ. ರಿವರ್ಸ್‌ಗೆ ನಿಮ್ಮ ಮನೆಯವರು ಹಿಂದೆ ನಿಲ್ಲಲಿ, ಕೈ ಸನ್ನೆ ಮೊದಲೇ ಮಾತಾಡಿಕೊಂಡಿರಲಿ. ಅವರು ನಿಮ್ಮ ಕನ್ನಡಿಯಲ್ಲಿ ಕಾಣದಿದ್ದರೆ ಗಾಡಿ ನಿಲ್ಲಿಸಿಬಿಡಿ.

ಗಾಡಿ ಕೈಗೆ ಬಂದ ತಕ್ಷಣ ಸುತ್ತ ಒಂದು ವಿಡಿಯೊ ಮಾಡಿ, ಮೇಲ್ಛಾವಣಿ ಸಹಿತ. ಗ್ಯಾಸ್ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂಗಳ ಟೆಸ್ಟ್ ಬಟನ್ ಒತ್ತಿ ನೋಡಿ. ಗಾಡಿಯ ಗ್ಯಾಸ್, ಅಂದರೆ ಪ್ರೊಪೇನ್, ಗಾಳಿಗಿಂತ ಭಾರ, ಕೆಳಗೆ ಇಳಿಯುತ್ತದೆ, ಅದಕ್ಕೇ ಗ್ಯಾಸ್ ಅಲಾರಂ ನೆಲದ ಹತ್ತಿರ ಇರುತ್ತದೆ. ಮಕ್ಕಳ ಚೀಲ ಅದಕ್ಕೆ ಅಡ್ಡ ಇಡಬೇಡಿ. ಗ್ಯಾಸಿನಲ್ಲೂ ನಡೆಯುವ ಹಳೆಯ ಥರದ ಫ್ರಿಜ್ ಆದರೆ ಹಿಂದಿನ ದಿನವೇ ಹಾಕಿಡಿ, ತಣ್ಣಗಾಗಲು ಅರ್ಧ ದಿನವಾದರೂ ಬೇಕು, ಗಾಡಿಯೂ ಮಟ್ಟವಾಗಿ ನಿಂತಿರಬೇಕು.

ಆಮೇಲೆ ಅಮ್ಮನಿಗೆ ಕೆಳಗಿನ ಹಾಸಿಗೆ ಕೊಡಿ. ಡ್ರೈವರ್ ತಲೆಯ ಮೇಲಿನ ಅಟ್ಟದ ಹಾಸಿಗೆ 9 ವರ್ಷದವರಿಗೆ ಸ್ವರ್ಗ, ನಾಲ್ಕು ವರ್ಷದವರಿಗೆ ಬೇಡ.

*

ವಾಪಸ್ ಬರುವಾಗಿನದು ನಾನು ಸೇರಿಸುತ್ತೇನೆ. ಉಪ್ಪು ಗಾಳಿಯಲ್ಲಿನ ತೇವ ಹೀರಿಕೊಂಡು ಲೋಹದ ಮೇಲೆ ಕೂತಿರುತ್ತದೆ, ಹಾಗಾಗಿ ಮಳೆ ಇಲ್ಲದಿದ್ದರೂ ತುಕ್ಕು ಹಿಡಿಯುತ್ತದೆ. ನಾವು ಸ್ವಂತ ಟ್ರೇಲರ್‌ನ ಮೇಲ್ಭಾಗವನ್ನು ಮಿರಮಿರ ತೊಳೆದು ಇಟ್ಟಿದ್ದೆವು, ಮುಂದಿನ ಸಲ ತೆಗೆದರೆ ಮೆಟ್ಟಿಲಿನ ಹಿಂಜು ಅಲ್ಲಾಡಲಿಲ್ಲ. ತೊಳೆಯಬೇಕಾದದ್ದು ಕೆಳಭಾಗ, ಚಕ್ರದ ಗೂಡು, ಹಿಂಜುಗಳು, ಹುಕ್ಕು. ಒಳ್ಳೆಯ ನೀರಿನಲ್ಲಿ, ಬಂದ ಮರುದಿನವೇ.

ಹೊರಡುವ ಬೆಳಗ್ಗೆ ಒಬ್ಬರೇ ಗಾಡಿಯ ಸುತ್ತ ಒಂದು ಸುತ್ತು ಬನ್ನಿ, ಯಾರ ಜೊತೆಗೂ ಮಾತಾಡದೆ. ಕರೆಂಟ್ ವೈರ್, ನೀರಿನ ಪೈಪ್, ಜ್ಯಾಕ್, ಆನಿಂಗ್, ಮೆಟ್ಟಿಲು, ಮೇಲಿನ ಕಿಟಕಿ. ಒಳಗೆ ಫ್ರಿಜ್ ಬಾಗಿಲ ಚಿಲಕ. ನನ್ನ ಯಜಮಾನರು ಪಕ್ಕದವರಿಗೆ ಟಾಟಾ ಮಾಡುತ್ತಾ ಆ ಸುತ್ತು ಮುಗಿಸಿದ್ದರು, ನಾವು ಕರೆಂಟ್ ವೈರ್ ಎಳೆದುಕೊಂಡೇ ಗೇಟಿನವರೆಗೂ ಹೋಗಿದ್ದೆವು.