ರೇಡಿಯಂ, ಸ್ಟಿಕ್ಕರ್, ರ‍್ಯಾಪ್: ಕಾರಿಗೆ ಹಚ್ಚುವ ಹಾಳೆಗೆ ಏನನ್ನೋಣ?

ಗೆಳೆಯರೇ,

ಕಾರಿನ ಭಾಗಗಳಿಗೆ ಮನೆಯಲ್ಲೇ ವಿನೈಲ್ ಹಾಳೆ (ಹಿಂದೆ ಅಂಟಿರುವ ತೆಳು ಪ್ಲಾಸ್ಟಿಕ್ ಹಾಳೆ) ಹಚ್ಚಿಕೊಳ್ಳುವವರಿಗಾಗಿ ಕನ್ನಡದಲ್ಲಿ ಸಣ್ಣದೊಂದು ಕೈಪಿಡಿ ಬರೆಯುತ್ತಿದ್ದೇನೆ. ಪಕ್ಕದ ಕನ್ನಡಿಯ ಟೊಪ್ಪಿ, ಡ್ಯಾಶ್‌ಬೋರ್ಡಿನ ಪಟ್ಟಿ, ಬಾಗಿಲ ಹಿಡಿಕೆ, ಕೈ ಪಳಗಿದ ಮೇಲೆ ಬಾನೆಟ್ಟು. ಕೆಲಸ ಗೊತ್ತಿದೆ, ಪದಗಳೇ ಕಾಡುತ್ತಿವೆ. ಕೆಲವು ಸಿಕ್ಕಿವೆ. ಅವು ನಿಮ್ಮ ಕಿವಿಗೆ ಹೇಗೆ ಕೇಳುತ್ತವೆ ಅಂತ ತಿಳಿಯಬೇಕು.

ಮೊದಲು ಹಾಳೆಯ ಹೆಸರು. ದಾವಣಗೆರೆಯಲ್ಲಿ ಇದಕ್ಕೆ ಹೆಸರೇ ಇಲ್ಲ ಅಂತೇನಲ್ಲ. ಪಿ.ಬಿ. ರಸ್ತೆಯಲ್ಲಿ ಯಾರನ್ನೇ ಕೇಳಿ, ‘ರೇಡಿಯಂ’ ಅನ್ನುತ್ತಾರೆ. ಅಂಗಡಿಯೂ ರೇಡಿಯಂ ಅಂಗಡಿಯೇ. ನಂಬರ್ ಪ್ಲೇಟಿನ ಅಕ್ಷರ ರೇಡಿಯಂ, ಆಟೋ ಹಿಂದಿನ ಬರಹ ರೇಡಿಯಂ, ಎಪಿಎಂಸಿಗೆ ಮೆಕ್ಕೆಜೋಳ ತರುವ ಟ್ರೇಲರಿನ ಕೆಂಪು ಪಟ್ಟಿಯೂ ರೇಡಿಯಂ. ಒಂಚೂರೂ ಹೊಳಪಿಲ್ಲದ ಕಪ್ಪು ಹಾಳೆಗೆ ‘ಮ್ಯಾಟ್ ರೇಡಿಯಂ’ ಅನ್ನುವುದನ್ನೂ ಕೇಳಿದ್ದೇನೆ.

ಇದು ಎಲ್ಲಿಂದ ಎಲ್ಲಿಗೆ ಬಂತು ನೋಡಿ. ರೇಡಿಯಂ ಎಂಬ ಧಾತುವನ್ನು ಕ್ಯೂರಿ ದಂಪತಿ ಕಂಡುಹಿಡಿದದ್ದು 1898ರಲ್ಲಿ. ಅದನ್ನು ಬೆರೆಸಿದ ಬಣ್ಣವನ್ನು ಗಡಿಯಾರದ ಅಂಕಿಗಳಿಗೆ ಬಳಿಯುತ್ತಿದ್ದರು. ಕತ್ತಲಲ್ಲಿ ತಾನೇ ಬೆಳಗುತ್ತಿತ್ತು. ಅಮೆರಿಕದಲ್ಲಿ ಆ ಬಣ್ಣ ಬಳಿಯುವ ಕೆಲಸಕ್ಕಿದ್ದ ಹೆಣ್ಣುಮಕ್ಕಳಲ್ಲಿ ಹಲವರು ಅದರ ವಿಷಕ್ಕೆ ಬಲಿಯಾದರು. ನಮ್ಮ ಟ್ರೇಲರಿನ ಪಟ್ಟಿಯಲ್ಲಿ ಆ ಧಾತು ಹೆಸರಿಗೂ ಇಲ್ಲ. ಅದು ತಾನಾಗಿ ಬೆಳಗುವುದೂ ಇಲ್ಲ. ಒಳಗಿರುವ ಸಣ್ಣ ಗಾಜಿನ ಮಣಿಗಳು ಹೆಡ್‌ಲೈಟಿನ ಬೆಳಕನ್ನು ಬಂದ ದಾರಿಗೇ ವಾಪಸ್ ಕಳಿಸುತ್ತವೆ, ಅಷ್ಟೇ. ಕತ್ತಲಲ್ಲಿ ಮಿಂಚುವುದೆಲ್ಲ ಮೊದಲು ರೇಡಿಯಂ ಆಗಿ, ಆಮೇಲೆ ಮಿಂಚದ ಅಂಟುಹಾಳೆಗೂ ಅದೇ ಹೆಸರು ಅಂಟಿಕೊಂಡಿರಬೇಕು ಅನ್ನುವುದು ನನ್ನ ಎಣಿಕೆ.

ಪದ ಹೀಗೆ ಸರಿದದ್ದಕ್ಕೆ ನನ್ನ ತಕರಾರಿಲ್ಲ. ತೊಂದರೆ ಬೇರೆ ಇದೆ. ಕೈಪಿಡಿಯಲ್ಲಿ ‘ರೇಡಿಯಂ ತನ್ನಿ’ ಅಂತ ಬರೆದರೆ ಓದಿದವರು ಅಕ್ಷರ ಕತ್ತರಿಸುವ ಅಗ್ಗದ ಹಾಳೆ ತರುತ್ತಾರೆ. ಚಪ್ಪಟೆ ಜಾಗಕ್ಕೆ ಅದು ಸಾಕು. ಉಬ್ಬಿದ ಕನ್ನಡಿ ಟೊಪ್ಪಿಯ ಮೇಲೆ ಮಾತ್ರ ಕೂರುವುದಿಲ್ಲ. ಎರಡು ವಾರದಲ್ಲಿ ಅಂಚೆಲ್ಲ ಎದ್ದು ನಿಲ್ಲುತ್ತದೆ.

ವಿನೈಲ್ ಹಾಳೆಯಲ್ಲಿ ಎರಡು ಬಗೆ. ಒಂದನ್ನು ದ್ರವವಾಗಿ ಹೊಯ್ದು, ಒಲೆಯಲ್ಲಿ ಬೇಯಿಸಿ ಮಾಡುತ್ತಾರೆ. ಇದು ಕಾಸ್ಟ್. ಇನ್ನೊಂದರಲ್ಲಿ ಮೆತ್ತಗಿನ ಪಿವಿಸಿ ಮುದ್ದೆಯನ್ನು ಬಿಸಿ ರೋಲರುಗಳ ನಡುವೆ ಹಾಯಿಸಿ ತೆಳು ಮಾಡುತ್ತಾರೆ. ಇದು ಕ್ಯಾಲೆಂಡರ್ಡ್. ಮೊದಲನೆಯದು ದೋಸೆ, ಎರಡನೆಯದು ಚಪಾತಿ ಅಂದುಕೊಳ್ಳಿ. ದೋಸೆ ಹೊಯ್ದಷ್ಟಕ್ಕೇ ನಿಲ್ಲುತ್ತದೆ. ಚಪಾತಿ ಲಟ್ಟಿಸಿ ಕೈ ತೆಗೆದ ಕೂಡಲೇ ಹಿಂದಕ್ಕೆ ಕುಗ್ಗುತ್ತದೆ. ಹಾಳೆಯ ಗುಣವೂ ಇದೇ. ಹಾಗಾಗಿ ‘ಹೊಯ್ದ ಹಾಳೆ’, ‘ಲಟ್ಟಿಸಿದ ಹಾಳೆ’ ಅಂತ ಬರೆದಿದ್ದೇನೆ. ‘ಎರಕದ ಹಾಳೆ’ ಅನ್ನಬಹುದಿತ್ತು. ಆದರೆ ಎರಕ ಅಂದರೆ ಕಂಚು, ಕಬ್ಬಿಣವೇ ಕಣ್ಣಮುಂದೆ ಬರುತ್ತದೆ.

ಇಲ್ಲೊಂದು ಉಪಪ್ರಶ್ನೆ. ಈ ಕ್ಯಾಲೆಂಡರಿಗೂ ಗೋಡೆಯ ಕ್ಯಾಲೆಂಡರಿಗೂ ಸಂಬಂಧವಿಲ್ಲ. ಬಟ್ಟೆ ಗಿರಣಿಯಲ್ಲಿ ಬಟ್ಟೆಯನ್ನು ರೋಲರುಗಳ ನಡುವೆ ಒತ್ತಿ ನಯ ಮಾಡುವ ಯಂತ್ರಕ್ಕೂ ಅದೇ ಹೆಸರು. ದಾವಣಗೆರೆ ಒಂದು ಕಾಲಕ್ಕೆ ಗಿರಣಿಗಳ ಊರು. ಗಿರಣಿಯಲ್ಲಿ ದುಡಿದ ಹಿರಿಯರು ಈ ಕೆಲಸಕ್ಕೆ ಏನನ್ನುತ್ತಿದ್ದರು? ನಿಮ್ಮ ಮನೆಯಲ್ಲಿ ಅಂಥವರಿದ್ದರೆ ದಯವಿಟ್ಟು ಕೇಳಿ ತಿಳಿಸಿ. ಲಟ್ಟಿಸುವುದಕ್ಕಿಂತ ಒಳ್ಳೆಯ ಮಾತು ಅಲ್ಲೇ ಇರಬಹುದು.

ಇನ್ನು ‘ರ‍್ಯಾಪ್’. ಕಾರಿಗೆ ಹೀಗೆ ಹಾಳೆ ಹಚ್ಚುವುದಕ್ಕೆ ಇಂಗ್ಲಿಷಿನ ಮಾತು. ಕೂಡಲೇ ಹೊಳೆಯುವುದು ‘ಸುತ್ತು’. ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಸುತ್ತು, ಗಾಯಕ್ಕೆ ಬಟ್ಟೆ ಸುತ್ತುವ ಸುತ್ತು. ಎರಡರಲ್ಲೂ ಬಳಸಿ ಬರುವುದು ಮುಖ್ಯ. ಬಾನೆಟ್ಟಿನ ಹಾಳೆ ಯಾವುದನ್ನೂ ಬಳಸಿ ಬರುವುದಿಲ್ಲ, ಒಂದು ಮುಖದ ಮೇಲೆ ಅಂಟಿ ಕೂರುತ್ತದೆ. ‘ಹೊದಿಕೆ’ ಅಂದರೆ ರಾತ್ರಿ ಕಾರಿಗೆ ಹಾಕುವ ಕವರು. ‘ಗವಸು’ ಚೆಂದದ ಪದ, ಆದರೆ ಅದು ಸಡಿಲವಾಗಿ ಹಾಕಿ ತೆಗೆಯುವಂಥದ್ದು. ‘ಬೇಗಡೆ’ಯ ಮೇಲೆ ಸ್ವಲ್ಪ ದಿನ ಆಸೆ ಇತ್ತು. ಯಕ್ಷಗಾನದ ವೇಷಕ್ಕೆ ಅಂಟಿಸುವ ಬಣ್ಣದ ತೆಳು ತಗಡು ಅದು. ಕ್ರೋಮ್ ಹಾಳೆಗೆ ಒಪ್ಪುತ್ತದೆ, ಮ್ಯಾಟ್ ಕಪ್ಪಿಗೆ ಒಪ್ಪುವುದಿಲ್ಲ.

ನನಗೆ ಹಿಡಿಸಿದ್ದು ‘ಪೊರೆ’. ಹಾಳೆ ಹೆಚ್ಚೂಕಡಿಮೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳು. ಹಾವಿನ ಪೊರೆಯ ಥರ ಬಿಡಿಸಿದರೆ ಕೆಳಗಿನ ಮೂಲ ಬಣ್ಣ ಹಾಗೇ ಇರುತ್ತದೆ. ಹಳೆಯ ಕನ್ನಡದಲ್ಲಿ ಪೊರೆ ಅಂದರೆ ಕಾಪಾಡು ಅಂತಲೂ ಇದೆ. ಗೆಳೆಯನಿಗೆ ಹೇಳಿದೆ. ‘ಕಾರಿಗೆ ಪೊರೆ ಬಂದಿದೆ, ಆಪರೇಷನ್ ಯಾವಾಗ?’ ಅಂದ. ಅಲ್ಲಿಗೆ ಅದೂ ಬಿತ್ತು. ಸದ್ಯಕ್ಕೆ ‘ರ‍್ಯಾಪ್ ಹಾಳೆ’ ಅಂತಲೇ ಇಟ್ಟಿದ್ದೇನೆ. ಸ್ಟಿಕ್ಕರು, ಬಂಪರು ಬಂದ ಮನೆಗೆ ಇದೂ ಒಂದು ಬರಲಿ.

ಕ್ರಿಯಾಪದಗಳಲ್ಲಿ ನಾವು ಬಡವರಲ್ಲ. ಎಳೆಯುವುದಕ್ಕೆ ನಮ್ಮ ಕಡೆ ‘ಜಗ್ಗು’ ಅನ್ನುತ್ತೇವೆ. ಹಾಳೆಯನ್ನು ನಾವೂ ಜಗ್ಗಬಹುದು, ಹಾಳೆ ತಾನೂ ಜಗ್ಗುತ್ತದೆ. ಹಿಗ್ಗುವ ಗುಣಕ್ಕೆ ಬೇರೆ ಪದವೇ ಬೇಡ. ಗಾಳಿ ಹೊರಗೆ ಹೋಗುವ ಹಾಗೆ ಪಟ್ಟಿ ಹಿಡಿದು ಮೆಲ್ಲಗೆ ಒತ್ತುತ್ತಾ ಸಾಗುವುದಕ್ಕೆ ‘ನೀವು’. ಹೊಟ್ಟೆ ನೀವುವ ನೀವು. ‘ನೀವು ನಡುವಿನಿಂದ ಅಂಚಿನ ಕಡೆಗೆ ನೀವಿ’ ಅಂತ ಬರೆದು ನಾನೇ ನಕ್ಕು, ಮೊದಲ ‘ನೀವು’ ಹೊಡೆದುಹಾಕಿದೆ. ಅಂಚನ್ನು ಸಂದಿಯೊಳಗೆ ‘ಸಿಕ್ಕಿಸು’. ಗಾಳಿ ಉಳಿದರೆ ‘ಗುಳ್ಳೆ’. ‘ಸುಕ್ಕು’ ಮತ್ತು ‘ನೆರಿಗೆ’ಯನ್ನು ಬೇರೆ ಬೇರೆ ಇಟ್ಟಿದ್ದೇನೆ. ನಡುವೆ ಅಡ್ಡಾದಿಡ್ಡಿ ಬೀಳುವುದು ಸುಕ್ಕು. ತಿರುವಿನಲ್ಲಿ ಹಾಳೆ ಜಾಸ್ತಿಯಾಗಿ ಸಾಲಾಗಿ ನಿಲ್ಲುವುದು ನೆರಿಗೆ. ಎರಡಕ್ಕೂ ಮದ್ದು ಒಂದೇ: ಒತ್ತಬೇಡಿ, ಎತ್ತಿ, ಸ್ವಲ್ಪ ಕಾವು ಕೊಟ್ಟು ಮತ್ತೆ ಜಗ್ಗಿ ಕೂರಿಸಿ.

‘ಬಿಸಿ ಮಾಡಿ’ ಅನ್ನುವುದಕ್ಕಿಂತ ‘ಕಾವು ಕೊಡಿ’ ಮೇಲು ಅನ್ನಿಸಿತು. ಬಿಸಿ ಅಂದರೆ ಹೀಟ್ ಗನ್ (ಬಿಸಿಗಾಳಿ ಊದುವ ಸಲಕರಣೆ) ಒಂದೇ ಕಡೆ ಹಿಡಿದು ಸುಟ್ಟುಬಿಡುತ್ತಾರೆ. ನಮ್ಮಲ್ಲಿ ಏಪ್ರಿಲ್‌ನಲ್ಲಂತೂ ಕಾವು ಬೇಡ ಅಂದರೂ ಬರುತ್ತದೆ. ಹಾಳೆ ಹಚ್ಚಲು 20ರಿಂದ 25 ಡಿಗ್ರಿ ಹದ. ಬಿಸಿಲಿಗೆ ಕಾದ ತಗಡಿನ ಮೇಲೆ ಅಂಟು ಮುಟ್ಟಿದಲ್ಲೇ ಕಚ್ಚಿಕೊಳ್ಳುತ್ತದೆ, ಎತ್ತಿ ಸರಿಪಡಿಸಲು ಬಿಡುವುದಿಲ್ಲ. ಬೆಳಗಿನ ಹೊತ್ತು, ನೆರಳು, ಧೂಳಿಲ್ಲದ ಜಾಗ. ಮೇಣದ ಪಾಲಿಶ್ ಇದ್ದರೆ ಪೂರ್ತಿ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಬೇಕು. ಥಿನ್ನರ್ ಬೇಡ, ಬಣ್ಣವನ್ನೇ ತಿನ್ನುತ್ತದೆ. ಇನ್ನೊಂದು ಮಾತು: ಕನ್ನಡಿ, ಪಟ್ಟಿ ಸರಿ. ಇಡೀ ಕಾರಿನ ಬಣ್ಣ ಬದಲಿಸುವುದಾದರೆ ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ, ಮೊದಲು ಆರ್‌ಟಿಒದಲ್ಲಿ ವಿಚಾರಿಸಿ.

ನಾನು ನಿಜವಾಗಿ ಸಿಕ್ಕಿಬಿದ್ದಿರುವುದು ‘ಮೆಮೊರಿ’ ಅನ್ನುವಲ್ಲಿ. ಜಗ್ಗಿದ ಹಾಳೆ ತನ್ನ ಹಳೇ ಆಕಾರಕ್ಕೆ ವಾಪಸ್ ಹೋಗಲು ನೋಡುವ ಗುಣ ಅದು. ತಗ್ಗಿನಲ್ಲಿ, ಅಂಚಿನಲ್ಲಿ ಜಗ್ಗಿ ಕೂರಿಸಿದ ಜಾಗಕ್ಕೆ ಕೊನೆಗೆ 90ರಿಂದ 110 ಡಿಗ್ರಿವರೆಗೆ ಕಾವು ಕೊಟ್ಟರೆ ಆ ಸೆಳೆತ ಸಡಿಲವಾಗುತ್ತದೆ. ಇದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ದಂಡ. ಹಾಗಾಗಿ ಪದ ಸರಿಯಾಗಿ ಇರಬೇಕು. ‘ನೆನಪು’ ಅಂದರೆ ಕವಿತೆಯಾಗುತ್ತದೆ. ‘ಸ್ಥಿತಿಸ್ಥಾಪಕತೆ’ ಪಠ್ಯಪುಸ್ತಕದ್ದು, ಅರ್ಥವೂ ಪೂರ್ತಿ ಅದಲ್ಲ. ಅಂಗಡಿ ಹುಡುಗರು ಸುಮ್ನೆ ‘ಹಾಳೆ ವಾಪಸ್ ಬರುತ್ತೆ’ ಅನ್ನುತ್ತಾರೆ, ಅದರಿಂದ ನಾಮಪದ ಹುಟ್ಟುವುದಿಲ್ಲ. ನಾನು ‘ಹಾಳೆಯ ಹಟ’ ಅಂತ ಬರೆದು, ‘ಕೊನೆಗೆ ಕಾವು ಕೊಟ್ಟು ಹಟ ಬಿಡಿಸಿ’ ಅಂದಿದ್ದೇನೆ. ಕೈಪಿಡಿಗೆ ಇದು ತಮಾಷೆ ಜಾಸ್ತಿ ಆಯಿತಾ? ಚರ್ಮ, ರಬ್ಬರು, ಬಿದಿರು ಬಾಗಿಸುವವರ ಬಳಿ ಈ ಗುಣಕ್ಕೆ ಬೇರೆ ಮಾತಿದೆಯಾ? ಹಿರಿಯೂರು, ಚಳ್ಳಕೆರೆ, ಹರಪನಹಳ್ಳಿ ಕಡೆಯವರೂ ಹೇಳಿ.