ಅಪ್‌ಡೇಟ್: ಬೋರ್‌ವೆಲ್ ಮೋಟರ್ ಸರಿಯಿದೆ, ಕೆಟ್ಟದ್ದು ಜಾಯಿಂಟ್

ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಇಲ್ಲದೆ, ಮನೆಯಲ್ಲೇ ಮಾಡಿದ 500 ವೋಲ್ಟ್ ಡಿಸಿ ಸಪ್ಲೈನಿಂದ ಬೋರ್‌ವೆಲ್ ಮೋಟರ್‌ನ ಇನ್ಸುಲೇಶನ್ ಅಳೆಯುವುದು ಹೇಗೆ ಅಂತ ಕೇಳಿದ್ದೆ. ಮಲ್ಟಿಮೀಟರನ್ನು ಸೀರೀಸ್‌ನಲ್ಲಿ ಹಾಕಿ ಅಂದಿರಿ. ಕೆಲಸ ಆಯಿತು, ತುಂಬಾ ಥ್ಯಾಂಕ್ಸ್.

ನನ್ನ ಮೀಟರ್‌ನ ಒಳ ರೆಸಿಸ್ಟೆನ್ಸ್ 10 ಮೆಗಾಓಮ್. ಕೇಬಲ್ ಸಮೇತ ನೋಡಿದಾಗ ಅದು 480 ವೋಲ್ಟ್ ತೋರಿಸಿತು. ಅಂದರೆ ಇನ್ಸುಲೇಶನ್ ಮೇಲೆ ಉಳಿದದ್ದು ಬರೀ 20 ವೋಲ್ಟ್, ಹಾಗಾಗಿ ಅದರ ರೆಸಿಸ್ಟೆನ್ಸ್ ಸುಮಾರು 0.4 ಮೆಗಾಓಮ್ ಅಷ್ಟೇ. ತೀರಾ ಕಡಿಮೆ, ಅಲ್ವಾ? ಕೇಬಲ್ ಮೋಟರ್‌ಗೆ ಸೇರುವ ಜಾಯಿಂಟ್ ಕತ್ತರಿಸಿ ಮೋಟರ್ ಒಂದನ್ನೇ ಅಳೆದೆ. ರೀಡಿಂಗ್ ಮೊದಲು ಜಾಸ್ತಿ ಇತ್ತು, ಆಮೇಲೆ ನಿಧಾನವಾಗಿ ಇಳಿದು ಒಂದು ನಿಮಿಷಕ್ಕೆ 20 ವೋಲ್ಟಿಗೆ ನಿಂತಿತು. 240 ಮೆಗಾಓಮ್! ವೈಂಡಿಂಗ್ ಗಟ್ಟಿಯಾಗಿದೆ. ಜಾಯಿಂಟ್‌ನ ಟೇಪ್ ಬಿಚ್ಚಿದರೆ ಒಳಗೆ ನೀರು, ತಾಮ್ರದ ಮೇಲೆ ಹಸಿರು ಕಿಲುಬು.

ಇದನ್ನು ಮಾಡುವವರು ಗಮನಿಸಿ: ಸಪ್ಲೈ ತೆಗೆದರೂ ಕೇಬಲ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ರೆಸಿಸ್ಟರ್ ಮೂಲಕ ಅದನ್ನು ಅರ್ಥ್‌ಗೆ ಇಳಿಸದೆ ತುದಿ ಮುಟ್ಟಬೇಡಿ.